‘ಎಡಗೈ ಹೊಗಳಿಕೆ’ ಅಂತ ಕನ್ನಡದಲ್ಲಿ ಬರೆಯಬಹುದಾ?

ಹಸಿರುಶಾಯಿ
ಎಲ್ಲರಿಗೂ ನಮಸ್ಕಾರ. ಒಂದು ಪದದ ಮುಂದೆ ಎರಡು ದಿನದಿಂದ ಕೂತಿದ್ದೇನೆ. ನಿಮ್ಮ ಸಹಾಯ ಬೇಕು.

ಇಂಗ್ಲಿಷ್ ಕಥೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇಂಗ್ಲೆಂಡಿನ ಒಂದು ಮನೆ. ಹೊಸ ಸೊಸೆ ಭಾನುವಾರದ ಊಟ ಮಾಡಿಟ್ಟಿದ್ದಾಳೆ. ಅತ್ತೆ ಒಂದು ತುತ್ತು ತಿಂದು, "ನಿಮ್ಮಂಥ ಮನೆಯಿಂದ ಬಂದವಳಿಗೆ ಇಷ್ಟು ಚೆನ್ನಾಗಿ ಅಡುಗೆ ಬರುತ್ತೆ ಅಂದುಕೊಂಡಿರಲಿಲ್ಲ" ಅನ್ನುತ್ತಾಳೆ. ಇದನ್ನು ಲೇಖಕಿ ಮುಂದಿನ ಸಾಲಿನಲ್ಲಿ ‘ಲೆಫ್ಟ್-ಹ್ಯಾಂಡೆಡ್ ಕಾಂಪ್ಲಿಮೆಂಟ್’ ಅನ್ನುತ್ತಾರೆ. ಅಂದರೆ ಮೇಲೆ ಹೊಗಳಿಕೆ, ಒಳಗೆ ಚುಚ್ಚು.

ನಾನು ‘ಎಡಗೈ ಹೊಗಳಿಕೆ’ ಅಂತ ಬರೆದೆ. ಬರೆದ ಕೈ ಕೂಡ ಎಡಗೈಯೇ. ಬರೆದ ಮೇಲೆ ಪೆನ್ನು ಮುಂದಕ್ಕೆ ಹೋಗಲಿಲ್ಲ. ನನಗೆ ಗೊತ್ತಿರುವ ಮಟ್ಟಿಗೆ ಕನ್ನಡದಲ್ಲಿ ಯಾರೂ ಕೊಂಕು ಮಾತಿಗೆ ಎಡಗೈ ಮಾತು ಅನ್ನುವುದಿಲ್ಲ. ಇಲ್ಲದ ಒಂದು ಬೈಗುಳವನ್ನು ನಾನೇ ಹೊತ್ತು ತಂದು ನಮ್ಮ ಭಾಷೆಯೊಳಗೆ ಇಡುತ್ತಿದ್ದೇನಾ ಅನ್ನಿಸಿತು. ಕಥೆ ತಿದ್ದಿಕೊಡುವ ಗೆಳತಿ ಮಾತ್ರ "ಮೂಲದ ಚಿತ್ರ ಉಳಿಸಿಕೋ, ಅನುವಾದ ಅಂದರೆ ಅದೇ" ಅನ್ನುತ್ತಾಳೆ. ನೀವೇನಂತೀರಿ?

ನಿವೃತ್ತಮೇಷ್ಟ್ರು
ನಿಮ್ಮ ಗೆಳತಿ ಹೇಳಿದ್ದು ಸರಿ ಅನ್ನಿಸುತ್ತದೆ. 31 ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದವನು ನಾನು. ಒಂದು ಭಾಷೆಯನ್ನು ಕಲಿಯುವುದು ಅಂದರೆ ಆ ಜನ ಜಗತ್ತನ್ನು ಹೇಗೆ ನೋಡಿದರು ಅಂತ ಕಲಿಯುವುದೂ ಹೌದು. ಅವರು ಎಡಗೈಯನ್ನು ಕೀಳಾಗಿ ಕಂಡಿದ್ದರೆ ಅದನ್ನೂ ಕನ್ನಡದ ಓದುಗ ಕಾಣಲಿ. ನೀವು ‘ಕೊಂಕು’ ಅಂತ ಬರೆದರೆ ಅರ್ಥ ಬರುತ್ತದೆ, ಊರು ಹೋಗುತ್ತದೆ.

ಇನ್ನೊಂದು ಮಾತು. ಆ ನುಡಿಗಟ್ಟನ್ನು ಆಡುವ ಇಂಗ್ಲಿಷಿನವರಲ್ಲಿ ಯಾರ ಮನಸ್ಸಿನಲ್ಲೂ ಕೈ ಇರುವುದಿಲ್ಲ. ‘ಸಿನಿಸ್ಟರ್’ ಅಂದಾಗ ಕೇಡು ಅಂತ ಕೇಳಿಸುತ್ತದೆ, ಅದು ಲ್ಯಾಟಿನ್ನಿನಲ್ಲಿ ‘ಎಡ’ ಅನ್ನೋದು ಎಷ್ಟು ಜನಕ್ಕೆ ಹೊಳೆಯುತ್ತದೆ? ತೇದು ಹೋದ ನಾಣ್ಯ ಇದು. ಅದರ ಮೇಲಿನ ಮುಖ ನೋಡಿ ಯಾರೂ ನೋಯುವುದಿಲ್ಲ.

ಪದಕೆದಕಿ
ಮೇಷ್ಟ್ರೇ, ನಾಣ್ಯ ತೇದಿದೆ ಅನ್ನೋದನ್ನು ಒಪ್ಪುತ್ತೇನೆ. ಆದರೆ ಟಂಕಸಾಲೆ ಇನ್ನೂ ನಡೆಯುತ್ತಿದೆ. ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ಹಳೆಯ ಇಂಗ್ಲಿಷಿನಲ್ಲಿ ಎಡಕ್ಕೆ ಇದ್ದ ಪದ ‘ವಿನೆಸ್ಟ್ರಾ’. ಅದರೊಳಗೆ ಗೆಳೆಯ ಅನ್ನುವ ಅರ್ಥದ ‘ವಿನೆ’ ಇದೆ ಅನ್ನುತ್ತಾರೆ. ಎಡ ಅಂದರೆ ಭಯ, ಅದಕ್ಕೇ ಗೆಳೆಯ ಅಂತ ಕರೆದು ಸಮಾಧಾನ ಮಾಡುವುದು. ನಮ್ಮಲ್ಲಿ ಸಿಡುಬಿಗೆ ‘ಅಮ್ಮ’ ಅಂದಂತೆ, ದೀಪ ಆರಿಸು ಅನ್ನದೆ ‘ದೀಪ ದೊಡ್ಡದು ಮಾಡು’ ಅಂದಂತೆ. ಸ್ವೀಡಿಷ್, ಡೇನಿಷ್ ಭಾಷೆಗಳಲ್ಲಿ ಆ ಪದ ಇವತ್ತಿಗೂ ಉಳಿದಿದೆ. ಇಂಗ್ಲಿಷಿನಲ್ಲಿ ಉಳಿಯಲಿಲ್ಲ. ಸುಮಾರು 1200ರ ಹೊತ್ತಿಗೆ ಅದರ ಜಾಗಕ್ಕೆ ‘ಲೆಫ್ಟ್’ ಬಂತು. ಇದರ ಹಳೆಯ ರೂಪ ‘ಲಿಫ್ಟ್’. ಅರ್ಥ ಬಲಹೀನ, ಕೆಲಸಕ್ಕೆ ಬಾರದ್ದು. ಪಾರ್ಶ್ವವಾಯುವಿಗೆ ಹಳೆಯ ಇಂಗ್ಲಿಷಿನವರು ‘ಲಿಫ್ಟ್-ಆಡ್ಲ್’ ಅನ್ನುತ್ತಿದ್ದರು, ಅಂದರೆ ಬಲಹೀನತೆಯ ರೋಗ. ಅದೇ ಪದ ಕೈಯ ಹೆಸರಾಯಿತು. ಆಮೇಲೆ ಆ ಹೆಸರಿಗೆ ಮತ್ತೆ ಕೀಳರ್ಥ ಅಂಟಿತು: ಲೆಫ್ಟ್-ಹ್ಯಾಂಡೆಡ್ ಹೊಗಳಿಕೆ, ಕುಣಿಯಲು ಬಾರದವನಿಗೆ ‘ಎರಡೂ ಎಡಗಾಲು’.

ಮೇಷ್ಟ್ರು ಹೇಳಿದ ಸಿನಿಸ್ಟರ್ ಕಥೆಯೂ ಹೀಗೇ. ರೋಮನ್ನರಲ್ಲಿ ಶಕುನ ನೋಡುವವನು ದಕ್ಷಿಣಕ್ಕೆ ಮುಖ ಮಾಡಿ ನಿಲ್ಲುತ್ತಿದ್ದ, ಮೂಡಣ ದಿಕ್ಕು ಅವನ ಎಡಕ್ಕೆ ಬರುತ್ತಿತ್ತು. ಆದ್ದರಿಂದ ಮೊದಮೊದಲು ಎಡವೇ ಶುಭ. ಗ್ರೀಕರ ಪ್ರಭಾವ ಬಂದ ಮೇಲೆ ಅಶುಭ ಆಯಿತು. ಆ ಗ್ರೀಕರಾದರೂ ಎಡಕ್ಕೆ ಏನಂತಿದ್ದರು? ‘ಅರಿಸ್ಟೆರೋಸ್’, ಹೆಚ್ಚು ಒಳ್ಳೆಯದು! ಮತ್ತೆ ಅದೇ ಸಮಾಧಾನದ ಮಾತು. ಫ್ರೆಂಚರು ಲ್ಯಾಟಿನ್ನಿನ ಪದ ಬಿಟ್ಟು ‘ಗೋಷ್’ ತಂದರು, ಅದು ಇಂಗ್ಲಿಷಿಗೆ ಬರುವಾಗ ನಯನಾಜೂಕಿಲ್ಲದ ಅನ್ನುವ ಅರ್ಥಕ್ಕೆ ಬಂತು. ಸ್ಪೇನಿನವರು ಪಕ್ಕದ ಬಾಸ್ಕ್ ಜನರ ಭಾಷೆಗೆ ಸೇರಿದ ‘ಇಸ್ಕಿಯೆರ್ದ’ ಹಿಡಿದರು.

ಬಲಕ್ಕೆ ಮಾತ್ರ ಈ ಗೋಳಿಲ್ಲ. ಸಂಸ್ಕೃತದ ದಕ್ಷಿಣ, ಗ್ರೀಕಿನ ಡೆಕ್ಸಿಯೋಸ್, ಲ್ಯಾಟಿನ್ನಿನ ಡೆಕ್ಸ್‌ಟರ್ ಎಲ್ಲ ಒಂದೇ ಬೇರು. ಬಲದ ಹೆಸರು ಸಾವಿರಾರು ವರ್ಷ ನಿಂತಿದೆ, ಎಡದ ಹೆಸರು ಮತ್ತೆ ಮತ್ತೆ ಬದಲಾಗಿದೆ. ಹೆದರಿಕೆ ಇದ್ದ ಕಡೆ ಹೆಸರು ನಿಲ್ಲುವುದಿಲ್ಲ.

ಕುತೂಹಲಿ_ಹಾಸನ
ನಾನು ಇಷ್ಟು ದಿನ ಲೆಫ್ಟ್ ಅಂದರೆ ‘ಬಿಟ್ಟದ್ದು’ ಅಂದುಕೊಂಡಿದ್ದೆ. ಬಲಗೈ ಕೆಲಸ ಮಾಡಿದ ಮೇಲೆ ಬಿಟ್ಟು ಉಳಿದ ಕೈ ಅಂತ. ನಮ್ಮ ಟ್ಯೂಷನ್ ಸರ್ ಹಾಗೇ ಹೇಳಿಕೊಟ್ಟಿದ್ದರು.

ಪದಕೆದಕಿ
ಬಿಡು ಅನ್ನುವ ‘ಲೀವ್’ನಿಂದ ಬಂದ ಲೆಫ್ಟ್ ಬೇರೆ, ಈ ಲೆಫ್ಟ್ ಬೇರೆ. ಕೇಳುವುದಕ್ಕೆ ಒಂದೇ, ಹುಟ್ಟು ಬೇರೆ. ನಮ್ಮಲ್ಲೂ ‘ಎಡವು’, ‘ಎಡರು’ ಎಲ್ಲವನ್ನೂ ಎಡಗೈಗೆ ಕಟ್ಟುವವರಿದ್ದಾರೆ. ದನಿ ಹೋಲುತ್ತದೆ ಅಂತ ನೆಂಟಸ್ತಿಕೆ ಹೇಳಬಾರದು. ‘ಎಡೆ’ ಅಂದರೆ ಜಾಗ ಅಂತಲೂ ಇದೆಯಲ್ಲ, ಅದಕ್ಕೂ ಎಡಗೈಗೂ ಸಂಬಂಧ ಹಚ್ಚೋಣವಾ?

ಧಾರವಾಡದಾಕಿ
ಹಸಿರುಶಾಯಿ ಅಕ್ಕಾ, ನಿಮ್ಮ ಸಂಕಟ ಅರ್ಥ ಆಗುತ್ತದೆ. ಆದರೆ ಕನ್ನಡ ಈ ವಿಷಯದಲ್ಲಿ ಮುಗ್ಧ ಅನ್ನೋದನ್ನು ನಾನು ಒಪ್ಪುವುದಿಲ್ಲ. ನಮ್ಮ ಕಡೆ ಎಡಗೈಯವರಿಗೆ ‘ರೊಡ್ಡ’ ಅಂತಾರೆ. ನಾನು ಸಣ್ಣಾಕಿ ಇದ್ದಾಗ ಓಣಿಯ ಹುಡುಗರು ನನ್ನ ಹೆಸರೇ ಹಿಡಿಯುತ್ತಿರಲಿಲ್ಲ. "ಏ ರೊಡ್ಡಿ" ಅಂದರೆ ನಾನು ತಿರುಗಿ ನೋಡಬೇಕು.

ಮದುವೆ ಪಂಕ್ತಿಯಲ್ಲಿ ಒಮ್ಮೆ ಎಡಗೈಯಿಂದ ಹೋಳಿಗೆ ಮುರಿದೆ. ಎದುರು ಸಾಲಿನ ಅಜ್ಜಿಯೊಬ್ಬರು ಊಟ ಬಿಟ್ಟು ಎದ್ದರು. ನನಗೆ ಆಗ ಒಂಬತ್ತು ವರ್ಷ. ಅವ್ವ ಬೈಯಲಿಲ್ಲ, ನನ್ನ ಎಡಗೈಯನ್ನು ತನ್ನ ಸೆರಗಿನಲ್ಲಿ ಹಿಡಿದುಕೊಂಡು ಕೂತಳು. ಅವಳ ಕೈ ಬೆವರುತ್ತಿತ್ತು. ಹೋಳಿಗೆ ಹಂಗೇ ಎಲೆ ಮೇಲೆ ಉಳಿಯಿತು.

ಬಲ ಅಂದರೆ ಶಕ್ತಿ, ಬಲಗೈ ಬಂಟ ಅಂದರೆ ನಂಬಿಕಸ್ತ, ಸೊಸೆ ಬಲಗಾಲಿಟ್ಟು ಒಳಗೆ ಬರಬೇಕು. ಇದೆಲ್ಲ ಇಂಗ್ಲಿಷಿನವರು ಹೇಳಿಕೊಟ್ಟದ್ದಲ್ಲ. ಮತ್ತೇಕೆ ಒಂದು ನುಡಿಗಟ್ಟಿಗೆ ಬಾಗಿಲು ಹಾಕಬೇಕು?

ಪದಕೆದಕಿ
ಅಕ್ಕ, ನಿಮ್ಮ ಅವ್ವ ಸೆರಗಿನಲ್ಲಿ ಕೈ ಹಿಡಿದುಕೊಂಡದ್ದು ಓದಿ ಮನಸ್ಸು ಭಾರ ಆಯಿತು. ಆಚರಣೆಯಲ್ಲಿ ನಾವು ಅವರಿಗಿಂತ ಕಠಿಣವಾಗಿಯೇ ಇದ್ದೇವೆ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಪದದ ಮಟ್ಟದಲ್ಲಿ ಒಂದು ವ್ಯತ್ಯಾಸ ಇದೆ. ಕನ್ನಡದಲ್ಲಿ ಎಡ, ತುಳುವಿನಲ್ಲಿ ಎಡ, ತೆಲುಗಿನಲ್ಲಿ ಎಡಮ, ತಮಿಳಿನಲ್ಲಿ ಇಡದು, ಮಲಯಾಳದಲ್ಲಿ ಇಡತ್ತ್. ಈ ಹೆಸರು ಅಲುಗಿಲ್ಲ. ನಮ್ಮ ಹಿಂದಿನವರು ಎಡವನ್ನು ಎಡ ಅಂತಲೇ ಕರೆದರು. ಎಡಮುರಿ ಗಣಪತಿಯನ್ನು ಮನೆಯಲ್ಲಿಟ್ಟು ಪೂಜೆ ಮಾಡುತ್ತೇವೆ. ಹೆಣ್ಣಿಗೆ ಎಡಗಣ್ಣು ಅದುರಿದರೆ ಒಳ್ಳೆಯದು ಅನ್ನುತ್ತೇವೆ. ಅರ್ಧನಾರೀಶ್ವರನಲ್ಲಿ ಪಾರ್ವತಿ ಇರುವುದು ಎಡಕ್ಕೆ. ಸಂಸ್ಕೃತದಿಂದ ಬಂದ ‘ವಾಮ’ಕ್ಕೆ ಎಡ ಅನ್ನುವ ಅರ್ಥವೂ ಇದೆ, ಚೆಲುವು ಅನ್ನುವ ಅರ್ಥವೂ ಇದೆ. ವಾಮಲೋಚನೆ ಅಂದರೆ ಚೆಲುವಾದ ಕಣ್ಣಿನವಳು. ಅದೇ ಪದ ‘ವಾಮಮಾರ್ಗ’ದಲ್ಲಿ ಕೆಟ್ಟ ದಾರಿ ಆಗಿದೆ, ನಿಜ. ಆದರೆ ಎರಡೂ ಮುಖ ಉಳಿದಿವೆ. ಇಂಗ್ಲಿಷಿನ ಲೆಫ್ಟ್‌ನ ಹುಟ್ಟಿನಲ್ಲೇ ಚೆಲುವು ಇಲ್ಲ.

ಲೀಡ್ಸ್‌ಕನ್ನಡಿಗ
ನಾನು 14 ವರ್ಷದಿಂದ ಲೀಡ್ಸ್‌ನಲ್ಲಿದ್ದೇನೆ. ಈ ಊರಿನ ವಿಶ್ವವಿದ್ಯಾಲಯದಿಂದಲೇ 1950ರಿಂದ 1961ರವರೆಗೆ ಇಂಗ್ಲೆಂಡಿನ ಹಳ್ಳಿ ಮಾತುಗಳ ದೊಡ್ಡ ಸಮೀಕ್ಷೆ ನಡೆದಿತ್ತು. ಹೆರಾಲ್ಡ್ ಆರ್ಟನ್ ಅದರ ಹಿಂದೆ ಇದ್ದವರು. 313 ಊರುಗಳಿಗೆ ಹೋಗಿ ಹಳಬರನ್ನು ಕೂರಿಸಿಕೊಂಡು ಕೇಳಿದ ಪ್ರಶ್ನೆಗಳಲ್ಲಿ ಒಂದು, ಎಡಗೈಯವರನ್ನು ನೀವು ಏನಂತ ಕರೆಯುತ್ತೀರಿ ಅನ್ನೋದು. ಹತ್ತಾರು ಪದ ಸಿಕ್ಕಿವೆ. ನಮ್ಮ ಯಾರ್ಕ್‌ಷೈರಿನ ಕಡೆ ಗ್ಯಾಲಕ್-ಹ್ಯಾಂಡೆಡ್, ಇನ್ನೂ ಉತ್ತರಕ್ಕೆ ಹೋದರೆ ಕಡ್ಡಿ-ಹ್ಯಾಂಡೆಡ್, ನಡುನಾಡಿನಲ್ಲಿ ಕೆಗ್ಗಿ. ಇವುಗಳಲ್ಲಿ ಬಹಳಷ್ಟಕ್ಕೆ ‘ಕೈಲಾಗದವನು’ ಅನ್ನುವ ಅರ್ಥವೂ ಅಂಟಿಕೊಂಡಿದೆ. ಪದಕೆದಕಿ ಅವರು ಹೇಳಿದ ಟಂಕಸಾಲೆ ಅಂದರೆ ಇದೇ.

ಇವತ್ತಿಗೂ ಆಫೀಸಿನಲ್ಲಿ ಕಿವಿಗೆ ಬೀಳುವುದು ‘ಕ್ಯಾಕ್-ಹ್ಯಾಂಡೆಡ್’. ಯಾರಾದರೂ ಚಹಾ ಚೆಲ್ಲಿದರೆ, ಕೆಲಸ ಕೆಡಿಸಿದರೆ ಈ ಮಾತು. ಎಡಗೈ ಅನ್ನೋದೂ ಅದರ ಅರ್ಥವೇ. ಕ್ಯಾಕ್ ಅಂದರೆ ಮಲ ಅಂತ ಕೆಲವರು, ಹಳೆಯ ನಾರ್ಸ್ ಭಾಷೆಯ ‘ಸೊಟ್ಟ’ ಅನ್ನುವ ಪದದಿಂದ ಬಂತು ಅಂತ ಇನ್ನು ಕೆಲವರು. ನಾವು ಮಕ್ಕಳಿಗೆ ‘ಕಕ್ಕ’ ಅನ್ನುತ್ತೇವಲ್ಲ, ಮೊದಲ ಸಲ ಕೇಳಿದಾಗ ನನಗೆ ಅದೇ ಕೇಳಿಸಿತು. ಪಕ್ಕದ ಮೇಜಿನ ಹುಡುಗಿ ಎಡಗೈಯವಳು. ಆ ಮಾತು ಬಂದಾಗ ಅವಳು ಮೌಸ್ ಮೇಲಿಂದ ಕೈ ತೆಗೆದದ್ದನ್ನು ನಾನು ನೋಡಿದ್ದೇನೆ. ಆದ್ದರಿಂದ ಮೇಷ್ಟ್ರೇ, ಕೆಲವು ನಾಣ್ಯದ ಮುಖ ಇನ್ನೂ ತೇದಿಲ್ಲ.

‘ಲೆಫ್ಟ್-ಹ್ಯಾಂಡೆಡ್ ಮದುವೆ’ ಅನ್ನೋದೂ ಇತ್ತು. ಜರ್ಮನ್ ರಾಜಮನೆತನಗಳಲ್ಲಿ ರಾಜಕುಮಾರ ತನಗಿಂತ ಕೆಳಗಿನ ಮನೆತನದ ಹೆಣ್ಣನ್ನು ಮದುವೆಯಾದರೆ, ಮಂಟಪದಲ್ಲಿ ಅವಳಿಗೆ ಎಡಗೈ ಕೊಡುತ್ತಿದ್ದ. ಹೆಂಡತಿ ಹೌದು, ಪಟ್ಟ ಇಲ್ಲ. ಮಕ್ಕಳಿಗೆ ಗದ್ದುಗೆ ಇಲ್ಲ. 1900ರಲ್ಲಿ ಆಸ್ಟ್ರಿಯಾದ ಫ್ರಾನ್ಸ್ ಫರ್ಡಿನಾಂಡ್ ಸೋಫಿಯನ್ನು ಮದುವೆಯಾದದ್ದು ಈ ಬಗೆಯ ಕರಾರಿನ ಮೇಲೆಯೇ. 1914ರಲ್ಲಿ ಸರಯೇವೊದಲ್ಲಿ ಗುಂಡೇಟಿಗೆ ಬಲಿಯಾದ ದಂಪತಿ ಅವರು. ಹೆಣ್ಣಿಗೆ ಗೌರವ ಕೊಟ್ಟಂತೆ ತೋರಿಸಿ ಕಿತ್ತುಕೊಳ್ಳುವುದು. ಲೆಫ್ಟ್-ಹ್ಯಾಂಡೆಡ್ ಹೊಗಳಿಕೆಯೂ ಅಷ್ಟೇ ಅಲ್ವಾ?

ಬೌಂಡರಿಲೈನ್
ಒಂದು ಕಡೆ ಮಾತ್ರ ಇಂಗ್ಲಿಷ್ ಎಡಗೈಯವರನ್ನು ಮನಸಾರೆ ಹೊಗಳುತ್ತದೆ. ಆಟದ ಮೈದಾನ. ಡೇವಿಡ್ ಗವರ್ ಕವರ್ ಡ್ರೈವ್ ಹೊಡೆದರೆ ಬರೆಯುವವರ ಭಾಷೆಯೇ ಮೆತ್ತಗಾಗುತ್ತಿತ್ತು. ಗವರ್ ಬ್ಯಾಟ್ ಬಿಟ್ಟು ಉಳಿದ ಕೆಲಸಕ್ಕೆ ಬಲಗೈಯವರು. ನಮ್ಮ ಸಚಿನ್ ತದ್ವಿರುದ್ಧ, ಬ್ಯಾಟಿಂಗ್ ಬಲಗೈ, ಸಹಿ ಹಾಕುವುದು ಎಡಗೈ.

ಬಾಕ್ಸಿಂಗ್, ಬೇಸ್‌ಬಾಲ್‌ನಲ್ಲಿ ‘ಸೌತ್‌ಪಾ’ ಅನ್ನುತ್ತಾರೆ. ಮೈದಾನದಲ್ಲಿ ಎಡಗೈ ಬೌಲರನ ಕೈ ದಕ್ಷಿಣಕ್ಕೆ ಬರುತ್ತಿತ್ತು ಅಂತ ಕಥೆ ಕಟ್ಟಿದ್ದಾರೆ. ಆದರೆ ಆ ಪದ 1848ರ ಅಮೆರಿಕದ ಒಂದು ರಾಜಕೀಯ ವ್ಯಂಗ್ಯಚಿತ್ರದಲ್ಲೇ ಇದೆ, ಅಲ್ಲಿ ಬೇಸ್‌ಬಾಲ್ ಇಲ್ಲ, ಎಡಗೈ ಗುದ್ದು ಇದೆ. ಎದುರಾಳಿ ಹೆದರುವ ಪದ ಅದು. ಬೈಗುಳ ಅಲ್ಲ.

ಎಡಗೈ ರಿಸ್ಟ್ ಸ್ಪಿನ್ನಿಗೆ ‘ಚೈನಾಮನ್’ ಅನ್ನುತ್ತಿದ್ದರು. ಚೀನೀ ಮೂಲದ ವೆಸ್ಟ್ ಇಂಡೀಸ್ ಬೌಲರ್ ಎಲಿಸ್ ಅಚಾಂಗ್ 1933ರಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ವಿಕೆಟ್ ತೆಗೆದ ಘಟನೆಗೆ ಅದನ್ನು ಹೊಂದಿಸಿ ಹೇಳುತ್ತಾರೆ. ಅದು ಒಂದು ಜನಾಂಗವನ್ನು ಹಂಗಿಸುವ ಪದ ಅಂತ ಈಗ ಬಹಳ ಕಡೆ ಕೈಬಿಟ್ಟಿದ್ದಾರೆ. ಕುಲದೀಪ್ ಯಾದವ್ ಈಗ ಎಡಗೈ ರಿಸ್ಟ್ ಸ್ಪಿನ್ನರ್, ಅಷ್ಟೇ. ಆಟ ಎಲ್ಲೂ ಬಡವಾಗಲಿಲ್ಲ. ನೋಯಿಸುವ ಪದವನ್ನು ಬಿಡಬಹುದು ಅನ್ನೋದಕ್ಕೆ ಇದೇ ಸಾಕ್ಷಿ.

ನಿವೃತ್ತಮೇಷ್ಟ್ರು
ಎಲ್ಲರ ಮಾತನ್ನೂ ಎರಡು ಸಲ ಓದಿದೆ. ಲೀಡ್ಸ್‌ನವರು ಹೇಳಿದ ಹುಡುಗಿಯ ವಿಷಯ ನನಗೆ ಹೊಸದು, ‘ಯಾರೂ ನೋಯುವುದಿಲ್ಲ’ ಅಂದದ್ದನ್ನು ವಾಪಸು ತೆಗೆದುಕೊಳ್ಳುತ್ತೇನೆ.

ಆದರೂ ಬೌಂಡರಿಲೈನ್ ಅವರ ಉದಾಹರಣೆ ಇಲ್ಲಿ ಹೊಂದುವುದಿಲ್ಲ. ಅವರು ಹೇಳುವುದು ನಾವೇ ಆಡುವ ಮಾತನ್ನು ತಿದ್ದಿಕೊಳ್ಳುವ ವಿಷಯ. ಇಲ್ಲಿ ಇನ್ನೊಬ್ಬರು ಬರೆದ ಕಥೆ ಇದೆ. ಅದನ್ನು ತಿದ್ದುವ ಹಕ್ಕು ಅನುವಾದಕರಿಗೆ ಎಲ್ಲಿಂದ ಬರುತ್ತದೆ? ಆ ಕಾಲದ ಇಂಗ್ಲೆಂಡ್ ಎಂಥದ್ದು ಅಂತ ನೋಡಿ. ಮುಂದೆ ಆರನೇ ಜಾರ್ಜ್ ಆದ ರಾಜಕುಮಾರನಿಗೇ ಬಾಲ್ಯದಲ್ಲಿ ಬಲಗೈಲಿ ಬರೆಯುವಂತೆ ಒತ್ತಾಯ ಮಾಡಿದ್ದರು. ಟೆನಿಸ್ ಮಾತ್ರ ಆತ ಎಡಗೈಲೇ ಆಡುತ್ತಿದ್ದ, 1926ರಲ್ಲಿ ವಿಂಬಲ್ಡನ್ ಡಬಲ್ಸ್‌ನಲ್ಲೂ ಆಡಿದ. 1900ರ ಆಸುಪಾಸಿನಲ್ಲಿ ಹುಟ್ಟಿದ ಬ್ರಿಟಿಷರಲ್ಲಿ ಎಡಗೈಯವರು ನೂರಕ್ಕೆ ಮೂರ್ನಾಲ್ಕು ಮಾತ್ರ ಅಂತ ಲೆಕ್ಕ. ಈಗ ನೂರಕ್ಕೆ ಹತ್ತು. ಜನರ ಕೈ ಬದಲಾಗಲಿಲ್ಲ, ಹೊಡೆತ ನಿಂತಿತು. ಇಂಥ ಸಮಾಜದಿಂದ ಬಂದ ಪದವನ್ನು ನೀವು ಒರೆಸಿದರೆ ಆ ಹೊಡೆತದ ಗುರುತನ್ನೂ ಒರೆಸಿದಂತೆ.

ಹಸಿರುಶಾಯಿ ಅವರೇ, ಒಂದು ಪ್ರಶ್ನೆ. ಆ ಕಥೆಯಲ್ಲಿ ಕೈ ಮತ್ತೆಲ್ಲಾದರೂ ಬರುತ್ತದಾ? ಬಂದರೆ ನೀವು ಬರೀ ‘ಕೊಂಕು’ ಅಂತ ಹಾಕಿ ಮುಂದೆ ಹೋಗುವ ಹಾಗಿಲ್ಲ.

ಚಿನ್ನು_ಅಮ್ಮ
ನಾನು ಅನುವಾದದ ಬಗ್ಗೆ ಮಾತಾಡುವಷ್ಟು ಓದಿದವಳಲ್ಲ. ಆದರೂ ಒಂದು ಹೇಳಬೇಕು ಅನ್ನಿಸಿತು.

ನನ್ನ ಮಗಳಿಗೆ ಐದು ವರ್ಷ. ಎಡಗೈ. ಅವಳು ಸ್ಲೇಟಿನ ಮೇಲೆ ಬರೆಯುವುದನ್ನು ದಿನಾ ಸಂಜೆ ಪಕ್ಕದಲ್ಲಿ ಕೂತು ನೋಡುತ್ತೇನೆ. ನಾವು ಬಲಗೈಲಿ ಬರೆದರೆ ಕೈ ಅಕ್ಷರದಿಂದ ದೂರ ಓಡುತ್ತದೆ. ಅವಳ ಕೈ ಅಕ್ಷರದ ಮೇಲೆಯೇ ಬರುತ್ತದೆ. ‘ಅಮ್ಮ’ ಅಂತ ಬರೆಯುತ್ತಾಳೆ. ಮುಗಿಸಿ ಮುಂದಕ್ಕೆ ಸರಿಯುವಾಗ ಕಿರುಬೆರಳಿನ ಬುಡ ಉಜ್ಜಿ ಮ-ಒತ್ತು ಅಳಿಸಿಹೋಗುತ್ತದೆ. ‘ಅಮ’ ಉಳಿಯುತ್ತದೆ. ಮತ್ತೆ ಒತ್ತು ಹಾಕುತ್ತಾಳೆ. ಈಗ ಕೈಯನ್ನು ಎತ್ತಿ ಹಿಡಿದು, ಗಾಳಿಯಲ್ಲಿ ಬರೆಯುವ ಹಾಗೆ ಬರೆಯಲು ಕಲಿತಿದ್ದಾಳೆ. ಯಾರೂ ಹೇಳಿಕೊಟ್ಟಿಲ್ಲ. ಸಂಜೆ ಹೊತ್ತಿಗೆ ಕೈಯಂಚು ಬಳಪದ ಪುಡಿಯಿಂದ ಬೆಳ್ಳಗಿರುತ್ತದೆ.

ಮೊನ್ನೆ ಶಾಲೆಯಿಂದ ಬಂದವಳು, "ಅಮ್ಮಾ, ರೈಟ್ ಹ್ಯಾಂಡ್ ಅಂದ್ರೆ ಸರಿ ಹ್ಯಾಂಡಾ?" ಅಂತ ಕೇಳಿದಳು. ಇಂಗ್ಲಿಷ್ ಮಿಸ್ ಸರಿ ಉತ್ತರಕ್ಕೆ ‘ರೈಟ್’ ಅಂತಾರಂತೆ. ನನಗೆ ತಕ್ಷಣ ಉತ್ತರ ಬರಲಿಲ್ಲ. ನೀವೆಲ್ಲ ಸಾವಿರ ವರ್ಷದ ಹಿಂದಿನ ಪದ ಅಂತಿದ್ದೀರಿ. ನನ್ನ ಮಗಳು ಅದನ್ನು ಮೊನ್ನೆ ಮಂಗಳವಾರ ಕೇಳಿದಳು.

ಪದಕೆದಕಿ
ಮೇಡಂ, ನಿಮ್ಮ ಮಗಳು ಹಿಡಿದದ್ದು ನಿಜ. ಅದು ಒಂದೇ ಪದ. ನೇರ, ಸರಿ, ಹಕ್ಕು, ಬಲಗೈ ಎಲ್ಲಕ್ಕೂ ‘ರೈಟ್’. ಹಳೆಯ ಇಂಗ್ಲಿಷಿನಲ್ಲಿ ಬಲಗೈಗೆ ‘ಹೆಚ್ಚು ಶಕ್ತಿಯದು’ ಅನ್ನುವ ಬೇರೆ ಪದ ಇತ್ತು, ನಮ್ಮ ‘ಬಲ’ದ ಹಾಗೆ. ಅದು ಹೋಗಿ ‘ಸರಿ’ ಬಂದು ಕೂತಿತು. ಶಕ್ತಿ ಕಮ್ಮಿ ಅನ್ನಿಸಿಕೊಂಡರೆ ಸಹಿಸಬಹುದು, ತಪ್ಪು ಅನ್ನಿಸಿಕೊಳ್ಳುವುದು ಬೇರೆ. ಅವಳಿಗೆ ಹೇಳಿ, ಕನ್ನಡದಲ್ಲಿ ಬಲ ಬೇರೆ, ಸರಿ ಬೇರೆ.

ಮತ್ತೆ, ರಾಜಕೀಯದಲ್ಲಿ ‘ಎಡಪಂಥ’ ಅಂತ ಎದೆಯುಬ್ಬಿಸಿ ಹೇಳುವವರೂ ಇದ್ದಾರೆ. ಅದು 1789ರಲ್ಲಿ ಫ್ರಾನ್ಸಿನ ಸಭೆಯಲ್ಲಿ ರಾಜನ ವೀಟೋ ಅಧಿಕಾರವನ್ನು ವಿರೋಧಿಸಿದವರು ಅಧ್ಯಕ್ಷರ ಎಡಕ್ಕೆ ಕೂತದ್ದರಿಂದ ಬಂದದ್ದು. ಎಡ ಅನ್ನುವ ಪದ ತಲೆ ಎತ್ತಿ ನಿಂತ ಜಾಗ ಅದು.

ಹಸಿರುಶಾಯಿ
ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ರಾತ್ರಿ ಕಥೆ ಮತ್ತೆ ತೆಗೆದೆ. ಇದೆ. ಮೂರು ಪುಟ ಆದ ಮೇಲೆ ಸೊಸೆ ಅತ್ತೆಯ ತಟ್ಟೆಗೆ ಆಲೂಗಡ್ಡೆ ಬಡಿಸುತ್ತಾಳೆ, ‘ತನ್ನ ಎಡಗೈಯಿಂದ’ ಅಂತ ಲೇಖಕಿ ಬರೆದಿದ್ದಾರೆ. ನಾನು ಅದನ್ನು ಮಾಮೂಲಿ ವಿವರ ಅಂದುಕೊಂಡು ದಾಟಿದ್ದೆ. ಸೊಸೆ ಎಡಗೈಯವಳು. ಅತ್ತೆಯ ಮಾತಿಗೆ ಕೊಟ್ಟ ಹೆಸರು ಸೊಸೆಯ ಕೈಯನ್ನು ಮುಟ್ಟಿ ಬರುತ್ತದೆ. ನಾಲ್ಕು ಸಲ ಓದಿದವಳಿಗೆ, ಅದೂ ಎಡಗೈಯವಳಿಗೆ, ಇದು ಕಾಣಲಿಲ್ಲ. ನೀವು ಕೇಳದಿದ್ದರೆ ಹಾಗೇ ಅಚ್ಚಿಗೆ ಹೋಗುತ್ತಿತ್ತು.

ನಿವೃತ್ತಮೇಷ್ಟ್ರು
ಹಾಗಿದ್ದರೆ ‘ಎಡಗೈ’ ಉಳಿಯಲೇಬೇಕು. ಎಳೆ ಕತ್ತರಿಸಬೇಡಿ.

ಲೀಡ್ಸ್‌ಕನ್ನಡಿಗ
ಸ್ವಲ್ಪ ತಾಳಿ ಮೇಷ್ಟ್ರೇ. ಇಲ್ಲಿ ಇನ್ನೊಂದು ತೊಡಕಿದೆ. ಇಂಗ್ಲೆಂಡಿನಲ್ಲಿ ಎಡಗೈಯಿಂದ ಬಡಿಸಿದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಫೋರ್ಕ್ ಹಿಡಿಯುವುದೇ ಎಡಗೈಲಿ. ಕನ್ನಡದ ಓದುಗ ಆ ಸಾಲು ಓದಿದ ಕೂಡಲೇ, ‘ಸೊಸೆ ಬೇಕಂತಲೇ ಅವಮಾನ ಮಾಡಿದಳು’ ಅಂತ ತಿಳಿಯುತ್ತಾನೆ. ಅತ್ತೆಯ ತಪ್ಪು ಸೊಸೆಯ ತಲೆ ಮೇಲೆ ಬರುತ್ತದೆ. ಮೊದಲ ಸಾಲಿನಲ್ಲಿ ‘ಎಡಗೈ ಹೊಗಳಿಕೆ’ ಅಂತ ಹಾಕಿಬಿಟ್ಟರೆ ಆ ತಿಳಿವಳಿಕೆ ಇನ್ನೂ ಗಟ್ಟಿಯಾಗುತ್ತದೆ.

ಧಾರವಾಡದಾಕಿ
ಅದೇ ನಮ್ಮ ರಿವಾಜನ್ನು ಅತ್ತೆಯ ಕಡೆ ತಿರುಗಿಸಿದರೆ? ನಮ್ಮಲ್ಲಿ ಎಡಗೈಲಿ ಕೊಟ್ಟರೆ ತಗೊಳ್ಳುವವರಿಗೆ ಅವಮಾನ. ‘ಅತ್ತೆ ಎಡಗೈಯಿಂದ ಎತ್ತಿ ಕೊಟ್ಟಂಥ ಹೊಗಳಿಕೆ’ ಅಂತ ಬರೆಯಿರಿ. ಚಿತ್ರವೂ ಉಳಿಯಿತು, ಕನ್ನಡವೂ ಆಯಿತು. ಕೊಟ್ಟ ರೀತಿ ಕೆಟ್ಟದ್ದು, ಕೈ ಕೆಟ್ಟದ್ದಲ್ಲ.

ಬೌಂಡರಿಲೈನ್
ಇದು ಚೆನ್ನಾಗಿದೆ. ನನ್ನ ಮತ ಇದಕ್ಕೆ.

ಹಸಿರುಶಾಯಿ
ಧಾರವಾಡದ ಅಕ್ಕಾ, ಇಡೀ ಮಧ್ಯಾಹ್ನ ನಿಮ್ಮ ಸಾಲನ್ನು ಬರೆದು ಬರೆದು ನೋಡಿದೆ. ಭಾಷೆ ಸೊಗಸಾಗಿದೆ. ಆದರೆ ನಾನು ಅಂಗಡಿಯಲ್ಲಿ ಎಡಗೈಲಿ ದುಡ್ಡು ಕೊಟ್ಟು, "ಬಲಗೈಲಿ ಕೊಡಮ್ಮಾ" ಅನ್ನಿಸಿಕೊಂಡು, ನೋಟು ಆ ಕೈಯಿಂದ ಈ ಕೈಗೆ ಬದಲಾಯಿಸಿ ಕೊಟ್ಟವಳು. ಒಂದು ಸಲ ಅಲ್ಲ, ವಾರಕ್ಕೊಮ್ಮೆ. ‘ಎಡಗೈಯಿಂದ ಎತ್ತಿ ಕೊಟ್ಟಂಥ’ ಅಂತ ಬರೆಯುವಾಗ ಆ ಅಂಗಡಿಯವರ ಪರವಾಗಿ ನಾನೇ ಬರೆದಂತೆ ಆಗುತ್ತದೆ. ನೀವು ಪಂಕ್ತಿಯಲ್ಲಿ ಬಿಟ್ಟು ಬಂದ ಹೋಳಿಗೆಯೂ ಅದೇ ರಿವಾಜಿನದ್ದು.

ನಾನು ಯೋಚಿಸಿದ್ದು ಹೀಗೆ. ‘ಲೆಫ್ಟ್-ಹ್ಯಾಂಡೆಡ್ ಕಾಂಪ್ಲಿಮೆಂಟ್’ ಅನ್ನುವುದು ಕಥೆ ಹೇಳುವವರ ಮಾತು. ಕಥೆ ಹೇಳುವವರು ಸೊಸೆಯ ಪರ ಇದ್ದಾರೆ. ಅವರ ಬಾಯಲ್ಲಿ ಸೊಸೆಯ ಕೈಗೆ ಕೆಟ್ಟ ಹೆಸರು ಬೇಡ. ಅದನ್ನು ಅತ್ತೆಯ ಕಣ್ಣಿಗೆ ಕೊಡುತ್ತೇನೆ. ಅಸಡ್ಡೆ ಅತ್ತೆಯದ್ದು, ಭಾಷೆಯದ್ದಲ್ಲ ಅಂತ ಓದುಗರಿಗೆ ಕಾಣಬೇಕು. ಈಗ ಸಾಲು ಹೀಗಿದೆ:

‘ಅತ್ತೆ ಹೊಗಳಿದರು. ಹೊಗಳುವಾಗ ಅವರ ಕಣ್ಣು ಸೌಟು ಹಿಡಿದಿದ್ದ ಇವಳ ಎಡಗೈ ಮೇಲಿತ್ತು.’

ಎಳೆ ಉಳಿಯಿತು. ಮುಂದೆ ಬಡಿಸುವ ಸಾಲು ಬಂದಾಗ ಓದುಗರಿಗೆ ಸೊಸೆ ಎಡಗೈಯವಳು ಅಂತ ಆಗಲೇ ಗೊತ್ತಿರುತ್ತದೆ, ಅವಮಾನ ಅಂತ ತಪ್ಪು ತಿಳಿಯುವುದಿಲ್ಲ.

ಧಾರವಾಡದಾಕಿ
ಹೋಳಿಗೆ ಮಾತು ತೆಗೆದು ನನ್ನ ಬಾಯಿ ಕಟ್ಟಿದಿರಿ ಅಕ್ಕಾ. ಇದನ್ನೇ ಇಡಿ.

ನಿವೃತ್ತಮೇಷ್ಟ್ರು
ಮೂಲದಲ್ಲಿ ಇಲ್ಲದ ಒಂದು ನೋಟವನ್ನು ನೀವು ಸೇರಿಸಿದ್ದೀರಿ. ಸೌಟನ್ನೂ ಸೇರಿಸಿದ್ದೀರಿ. ಮೂರು ಪುಟ ಆದ ಮೇಲೆ ತಿಳಿಯಬೇಕಾದದ್ದನ್ನು ಮುಂಚೆಯೇ ಹೇಳಿಬಿಟ್ಟಿದ್ದೀರಿ. ನಾನಾಗಿದ್ದರೆ ಇಷ್ಟು ಸ್ವಾತಂತ್ರ್ಯ ತೆಗೆದುಕೊಳ್ಳುತ್ತಿರಲಿಲ್ಲ, ‘ಎಡಗೈ ಹೊಗಳಿಕೆ’ ಅಂತಲೇ ಇಟ್ಟು ಓದುಗರನ್ನು ನಂಬುತ್ತಿದ್ದೆ. ಲೇಖಕಿ ಇದ್ದರೆ ಅವರನ್ನು ಕೇಳಿ, ಅವರು ಒಪ್ಪಿದರೆ ನನ್ನ ತಕರಾರಿಲ್ಲ. ಅಚ್ಚಾದ ಮೇಲೆ ಒಂದು ಪ್ರತಿ ಬೇಕು, ದುಡ್ಡು ಕೊಟ್ಟೇ ತೆಗೆದುಕೊಳ್ಳುತ್ತೇನೆ.

ಹಸಿರುಶಾಯಿ
ಇದ್ದಾರೆ ಮೇಷ್ಟ್ರೇ. ಇವತ್ತೇ ಪತ್ರ ಬರೆಯುತ್ತೇನೆ. ಎರಡೂ ಸಾಲು ಕಳಿಸಿ, ನಿಮ್ಮ ವಾದವನ್ನೂ ಸೇರಿಸಿ ಬರೆಯುತ್ತೇನೆ.

ಚಿನ್ನು_ಅಮ್ಮ
ಲೀಡ್ಸ್‌ನವರೇ, ಒಂದು ಕೇಳಬಹುದಾ? ಕ್ರಾಫ್ಟ್ ಕ್ಲಾಸಿಗೆ ಕತ್ತರಿ ಬೇಕಂತೆ. ಮನೆಯ ಕತ್ತರಿ ಇವಳ ಕೈಯಲ್ಲಿ ಕಾಗದ ಕತ್ತರಿಸುವುದಿಲ್ಲ, ಮಡಚಿ ಹಾಕುತ್ತದೆ. ಎಡಗೈಯವರಿಗೆ ಬೇರೆ ಕತ್ತರಿ ಇರುತ್ತದೆ ಅಂತ ಕೇಳಿದ್ದೇನೆ. ನಮ್ಮೂರಿನ ಅಂಗಡಿಯಲ್ಲಿ ಕೇಳಿದರೆ ಹಾಗೆಂದರೇನು ಅಂದರು.

ಲೀಡ್ಸ್‌ಕನ್ನಡಿಗ
ಇರುತ್ತದೆ ಮೇಡಂ. ಮಾಮೂಲಿ ಕತ್ತರಿಯನ್ನು ಎಡಗೈಲಿ ಹಿಡಿದು ಒತ್ತಿದರೆ ಎರಡು ಅಲಗೂ ಒಂದಕ್ಕೊಂದು ಅಂಟುವ ಬದಲು ದೂರ ಸರಿಯು­ತ್ತವೆ, ಅದಕ್ಕೇ ಕಾಗದ ಮಡಚುತ್ತದೆ. ಕತ್ತರಿಸುವ ಗೆರೆಯೂ ಮೇಲಿನ ಅಲಗಿನ ಹಿಂದೆ ಮುಚ್ಚಿಹೋಗುತ್ತದೆ. ಎಡಗೈ ಕತ್ತರಿಯಲ್ಲಿ ಅಲಗುಗಳನ್ನು ಅದಲು ಬದಲು ಜೋಡಿಸಿರುತ್ತಾರೆ. 1968ರಲ್ಲೇ ಲಂಡನ್ನಿನಲ್ಲಿ ಎಡಗೈ ಸಾಮಾನಿಗೆ ಅಂತಲೇ ಒಂದು ಅಂಗಡಿ ಶುರುವಾಗಿತ್ತು. ಈಗ ಇಲ್ಲಿ ಮಕ್ಕಳ ಸ್ಟೇಷನರಿ ಅಂಗಡಿಗಳಲ್ಲೂ ಸಿಗುತ್ತದೆ. ಡಿಸೆಂಬರಿನಲ್ಲಿ ಊರಿಗೆ ಬರುತ್ತಿದ್ದೇನೆ, ತುದಿ ಮೊಂಡಾಗಿರುವ ಪುಟ್ಟದೊಂದು ತರುತ್ತೇನೆ. ಯಾವ ಬಣ್ಣ ಅಂತ ಅವಳನ್ನು ಕೇಳಿ ಹೇಳಿ.

ಚಿನ್ನು_ಅಮ್ಮ
ಹಳದಿ ಅಂತೆ.